ಶಾಲಾ ಅಭಿವೃದ್ಧಿ ಯೋಜನೆಲಿ "ಈ ವರ್ಷದ ಗುರಿ" ಅಂತ ಏನು ಬರೀಬೇಕು? (ಸರ್ಕಾರಿ ಶಾಲೆ, 1ರಿಂದ 7)

ಹೇಮಾವತಿ_ದಡ
ಎಲ್ರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಹಳ್ಳಿ ನಮ್ದು. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ಸಲ ನನ್ನನ್ನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ ಮಾಡಿದಾರೆ. ತೊಂಬತ್ತು ಚಿಲ್ಲರೆ ಮಕ್ಕಳಿದಾರೆ, ನಾಲ್ಕು ಜನ ಟೀಚರ್ಸು, ಅದ್ರಲ್ಲಿ ಒಬ್ರು ಅತಿಥಿ ಶಿಕ್ಷಕಿ. ಹೆಡ್‌ಮಾಸ್ಟ್ರು ಒಳ್ಳೇ ಮನುಷ್ಯ, ಕೆಲ್ಸದ ಒತ್ತಡ ಜಾಸ್ತಿ. ಯೋಜನೆ ತಯಾರು ಮಾಡ್ಬೇಕು ಅಂತ ಹೋದ ವರ್ಷದ ಫೈಲ್ ಕೊಟ್ರು. ಗುರಿಗಳು ಅಂತ ಇರೋದು ಇಷ್ಟೇ: "ಗುಣಮಟ್ಟದ ಶಿಕ್ಷಣ ನೀಡುವುದು", "ಶೇ. 100 ಹಾಜರಾತಿ ಸಾಧಿಸುವುದು", "ಸ್ವಚ್ಛ ಸುಂದರ ಪರಿಸರ ನಿರ್ಮಿಸುವುದು". ಅದ್ರ ಹಿಂದಿನ ವರ್ಷದ್ದು ತೆಗ್ದು ನೋಡಿದ್ರೆ ಅದೂ ಅಕ್ಷರಶಃ ಇದೇ, ಇಸವಿ ಮಾತ್ರ ಬೇರೆ.

ಮೀಟಿಂಗಲ್ಲಿ ಕೇಳಿದ್ರೆ ಒಬ್ರು ಕಾಂಪೌಂಡ್ ಅಂತಾರೆ, ಒಬ್ರು ಸ್ಮಾರ್ಟ್ ಟಿವಿ ಅಂತಾರೆ, ಇನ್ನೊಬ್ರು ಇಂಗ್ಲಿಷ್ ಮೀಡಿಯಂ ಮಾಡಿ ಇಲ್ದಿದ್ರೆ ಮಗನ್ನ ಬಿಡಿಸ್ಕೊಂಡು ಹೋಗ್ತೀನಿ ಅಂತಾರೆ. ಯಾವ್ದೂ ತಪ್ಪಲ್ಲ. ಆದ್ರೆ ಮಾರ್ಚ್ ತಿಂಗ್ಳಲ್ಲಿ ಕೂತು "ಇದು ಆಯ್ತು, ಇದು ಆಗ್ಲಿಲ್ಲ" ಅಂತ ನಾವೇ ಹೇಳೋ ಹಾಗೆ ಇರೋ ಗುರಿ ಬರೀಬೇಕು ಅಂತ ನನ್ನ ಆಸೆ. ಟೀಚರ್ಸು, ಬೇರೆ ಎಸ್‌ಡಿಎಂಸಿಯವ್ರು ಇದ್ರೆ ದಯವಿಟ್ಟು ಹೇಳಿ.

ಚಾಕ್‌ಪೀಸ್_ಮೇಷ್ಟ್ರು
ಸರ್, ಕೇಳಿದ್ದು ತುಂಬಾ ಸಂತೋಷ ಆಯ್ತು. ಅಧ್ಯಕ್ಷರಾದವ್ರು ಸ್ವಾತಂತ್ರ್ಯ ದಿನಾಚರಣೆ ದಿನ ವೇದಿಕೆ ಮೇಲೆ ಕೂರೋದು ಬಿಟ್ಟು ಇಂಥ ಪ್ರಶ್ನೆ ಕೇಳೋದು ಅಪರೂಪ.

ನಾನು ಹೇಳೋದು ಒಂದೇ: ಓದು. ಜೂನಲ್ಲಿ ಸೇತುಬಂಧ (ಹಿಂದಿನ ಕ್ಲಾಸಿನ ಕಲಿಕೆ ಮತ್ತೆ ಗಟ್ಟಿ ಮಾಡ್ಸೋ ಕಾರ್ಯಕ್ರಮ) ಹೇಗೂ ನಡಿಯುತ್ತೆ, ಪೂರ್ವ ಪರೀಕ್ಷೆ ಮಾಡ್ತಾರೆ, ಮಾರ್ಕ್ಸ್ ತುಂಬ್ತಾರೆ. ಅದ್ರ ಜೊತೆಗೇ 3ರಿಂದ 7ರವರೆಗಿನ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸ್ಕೊಂಡು ಎರಡನೇ ಕ್ಲಾಸ್ ಮಟ್ಟದ ಒಂದು ಸಣ್ಣ ಕಥೆ ಓದ್ಸಿ. ಹಳ್ಳಿ ಮಕ್ಕಳ ಓದು, ಲೆಕ್ಕ ನೋಡೋ ಅಸರ್ ಸರ್ವೆಯವ್ರು ಮಾಡೋದೂ ಇದನ್ನೇ: ಅಕ್ಷರ, ಪದ, ನಾಲ್ಕು ಸಾಲಿನ ಪ್ಯಾರ, ಆಮೇಲೆ ಕಥೆ. ಒಂದು ಮಗುಗೆ ಐದು ನಿಮಿಷ ಸಾಕು. ಮಗು ಎಲ್ಲಿ ನಿಲ್ಲುತ್ತೋ ಅಲ್ಲಿ ಬರ್ಕೊಳ್ಳಿ. ನಿಮ್ಗೆ ಗೊತ್ತಾಗೋದೇನು ಅಂದ್ರೆ ಬಹಳ ಮಕ್ಕಳು ನಿಲ್ಲೋದು ಒತ್ತಕ್ಷರದ ಹತ್ರ. "ಪುಸ್ತಕ"ನ "ಪುಸತಕ" ಅಂತ ಓದ್ತಾರೆ, "ಅಕ್ಕ"ನ "ಅಕ" ಅಂತಾರೆ, ಕಾಗುಣಿತ ಬರುತ್ತೆ, ಒತ್ತು ಬಂದ ತಕ್ಷಣ ಉಸಿರು ಕಟ್ಟಿದ ಹಾಗಾಗಿ ಟೀಚರ್ ಮುಖ ನೋಡ್ತಾರೆ. ಐದನೇ ಕ್ಲಾಸಲ್ಲಿ ಪರಿಸರ ಅಧ್ಯಯನ ಯಾಕೆ ಬರಲ್ಲ ಅಂದ್ರೆ ಪಾಠದ ಪ್ರತಿ ಸಾಲಲ್ಲೂ ಒತ್ತಕ್ಷರ ಇದೆ, ಅದಕ್ಕೆ.

ಈಗ ಗುರಿ ಬರೀರಿ: "ದಸರಾ ರಜೆಗೆ ಮುಂಚೆ 4 ಮತ್ತು 5ನೇ ತರಗತಿಯ ಈ ಇಂತಿಂಥ ಮಕ್ಕಳು ಒತ್ತಕ್ಷರ ಇರೋ ಕಥೆ ತಡವರಿಸದೆ ಓದಬೇಕು." ಪರ್ಸೆಂಟೇಜ್ ಬರೀಬೇಡಿ, ಮಕ್ಕಳ ಹೆಸ್ರು ಬರೀರಿ. ಪರ್ಸೆಂಟೇಜ್ ಬರೆದ್ರೆ ಎಲ್ರೂ ಹಿಂದೆ ಉಳಿದ ಮಗುನ ಆ ಲೆಕ್ಕದಲ್ಲಿ ಮರೆತುಬಿಡ್ತಾರೆ.

ಕೋಲಾರದ_ಕೂಸು
ಮೊದ್ಲು ಟಾಯ್ಲೆಟ್‌ಗೆ ನೀರು ಬರೋ ಹಾಗೆ ಮಾಡ್ಸಿ ಸರ್. ಆಮೇಲೆ ಒತ್ತಕ್ಷರ.

ಮಲೆನಾಡ_ತಾಯಿ
ಕೋಲಾರದವ್ರು ಹೇಳಿದ್ದು ಒಂದೇ ಲೈನ್ ಆದ್ರೂ ನೂರಕ್ಕೆ ನೂರು ಸರಿ. ಟಾಯ್ಲೆಟ್ "ಇದೆ" ಅಂತ ಯುಡೈಸ್‌ನಲ್ಲಿ (ಸರ್ಕಾರಕ್ಕೆ ಕೊಡೋ ಶಾಲಾ ಮಾಹಿತಿಲಿ) ಟಿಕ್ ಹಾಕಿರ್ತಾರೆ. ಬೀಗ ಹಾಕಿದ್ಯಾ, ನೀರು ಬರುತ್ತಾ, ಚಿಲಕ ಇದ್ಯಾ ಅಂತ ಯಾರೂ ನೋಡಲ್ಲ. ನನ್ನ ದೊಡ್ಡ ಮಗಳು ಏಳನೇ ಕ್ಲಾಸಲ್ಲಿದ್ದಾಗ ಬೆಳಿಗ್ಗೆ ನೀರೇ ಕುಡೀದೆ ಹೋಗ್ತಿದ್ಲು. ತಿಂಗ್ಳಲ್ಲಿ ಆ ದಿನಗಳಲ್ಲಿ ರಜೆ. ಹಾಜರಾತಿ ಗುರಿ ಅಂತ ಬೇರೆ ಬರೀತೀರಲ್ಲ, ಹುಡುಗೀರ ಹಾಜರಾತಿ ಇರೋದೇ ಆ ಚಿಲಕದಲ್ಲಿ. ಅಧ್ಯಕ್ಷರೇ, ಸಮಿತಿಲಿರೋ ಅಮ್ಮಂದಿರನ್ನ ಒಂದ್ಸಲ ಒಳಗೆ ಕಳ್ಸಿ ನೋಡ್ಸಿ, ಗಂಡಸ್ರು ಹೊರಗೆ ನಿಂತು ನೋಡಿದ್ರೆ ಏನೂ ಗೊತ್ತಾಗಲ್ಲ.

ಕಾಯ್ದೆ_ಓದುಗ
ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಮ್ಮಲ್ಲಿ ಎಸ್‌ಡಿಎಂಸಿ ಬಂದಿದ್ದು 2001ರಲ್ಲಿ, ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಗಿಂತ ಎಷ್ಟೋ ಮುಂಚೆ. ಆಮೇಲೆ 2009ರ ಕಾಯ್ದೆಯ 21ನೇ ಸೆಕ್ಷನ್ ಸಮಿತಿಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು ಅಂತು. 22ನೇ ಸೆಕ್ಷನ್ ಪ್ರಕಾರ ಯೋಜನೆ ತಯಾರು ಮಾಡ್ಬೇಕಾದ್ದು ಸಮಿತಿ, ಹೆಡ್‌ಮಾಸ್ಟ್ರು ಒಬ್ರೇ ಅಲ್ಲ. ಹಾಗಾಗಿ "ಸರ್ ಬರೆದಿದಾರೆ, ಸೈನ್ ಹಾಕಿ" ಅನ್ನೋದು ಕಾನೂನಿನ ಪ್ರಕಾರನೇ ತಲೆಕೆಳಗು.

ಇನ್ನೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ. 2010ರ ಕೇಂದ್ರ ನಿಯಮಗಳಲ್ಲಿ ಇದು ಮೂರು ವರ್ಷದ ಯೋಜನೆ, ಅದ್ರೊಳಗೆ ಮೂರು ವಾರ್ಷಿಕ ಉಪಯೋಜನೆ. ಅದ್ರಲ್ಲಿ ಕೇಳೋದು ಏನು ಅಂದ್ರೆ ತರಗತಿವಾರು ದಾಖಲಾತಿ ಅಂದಾಜು, ಎಷ್ಟು ಶಿಕ್ಷಕರು ಬೇಕು, ಏನು ಕಟ್ಟಡ ಸಲಕರಣೆ ಬೇಕು, ಎಷ್ಟು ದುಡ್ಡು ಬೇಕು. ಮಕ್ಕಳು ಏನು ಕಲೀಬೇಕು ಅಂತ ಅಲ್ಲಿ ಪ್ರತ್ಯೇಕ ಕಾಲಂ ಇಲ್ಲ! ಅದಕ್ಕೇ ಎಲ್ಲಾ ಶಾಲೆ ಯೋಜನೆನೂ ಕಾಂಪೌಂಡು, ಕೊಠಡಿ, ಬಣ್ಣ ಅಂತ ಕಟ್ಟಡದ ಸುತ್ತಾನೇ ಸುತ್ತುತ್ತೆ.

ದುಡ್ಡಿನ ವಿಷ್ಯ: ಸಮಗ್ರ ಶಿಕ್ಷಾ ಅನ್ನೋ ಸರ್ಕಾರಿ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ 10 ಸಾವಿರ, 31ರಿಂದ 100 ಮಕ್ಕಳಿದ್ರೆ 25 ಸಾವಿರ, 101ರಿಂದ 250ಕ್ಕೆ 50 ಸಾವಿರ. ನಿಮ್ಮದು ತೊಂಬತ್ತು ಚಿಲ್ಲರೆ ಅಂದ್ರೆ 25 ಸಾವಿರದ ಗುಂಪು. ಅದ್ರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಇಡಬೇಕು ಅಂತ ನಿಯಮ, ಅಂದ್ರೆ ಎರಡೂವರೆ ಸಾವಿರ. ಚಿಲಕ, ನಲ್ಲಿ, ಬಕೆಟ್ಟು, ಫಿನಾಯಿಲ್ ಇಷ್ಟಕ್ಕೆ ಯಾರ ಅಪ್ಪಣೆನೂ ಕಾಯ್ಬೇಕಾಗಿಲ್ಲ. ಕಾಂಪೌಂಡ್ ಈ ದುಡ್ಡಲ್ಲಿ ಆಗಲ್ಲ, ಅದಕ್ಕೆ ಪಂಚಾಯ್ತಿಯ ಕ್ರಿಯಾ ಯೋಜನೆಗೆ ಸೇರ್ಸೋಕೆ ಕೇಳಿ.

ಡಯಟ್_ಹಾದಿ
@ಕಾಯ್ದೆ_ಓದುಗ, ನೀವು ಹೇಳಿದ್ದು 2010ರ ಮೂಲ ನಿಯಮಕ್ಕೆ ಸರಿ. ಆದ್ರೆ 2017ರ ಫೆಬ್ರವರಿಲಿ ಕೇಂದ್ರ ನಿಯಮಕ್ಕೆ ತಿದ್ದುಪಡಿ ಬಂದು ತರಗತಿವಾರು, ವಿಷಯವಾರು ಕಲಿಕಾ ಫಲಗಳು (ಮಗು ಏನೇನು ಕಲಿತಿರ್ಬೇಕು ಅನ್ನೋದು) ಅಂತ ಸೇರ್ತು, ಎನ್‌ಸಿಇಆರ್‌ಟಿ ಅದೇ ವರ್ಷ ಪಟ್ಟಿನೂ ಪ್ರಕಟ ಮಾಡ್ತು. ಕಲಿಕಾ ಫಲದ ಪೋಸ್ಟರ್ ಎಷ್ಟೋ ಶಾಲೆ ಗೋಡೆ ಮೇಲೆ ಇದೆ. ಯೋಜನೆ ಪುಸ್ತಕದೊಳಗೆ ಅದು ಇಳೀಲಿಲ್ಲ, ಅಷ್ಟೇ.

ಮಸ್ಕಿ_ಮಗ
ಅಣ್ಣಾರ, ಶೇ. 100 ಹಾಜರಾತಿ ಅಂತ ಬರ್ಯೋರು ಒಮ್ಮೆ ನಮ್ ಕಡಿ ಬಂದು ನೋಡ್ರಿ. ದೀಪಾವಳಿ ಮುಗೀತಂದ್ರ ಅರ್ಧ ಊರು ಗುಳೆ ಹೋಗ್ತದ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕ, ಕಬ್ಬು ಕಡಿಯಾಕ. ಮನ್ಯಾಗ ಮುದುಕಿ ಇದ್ರ ಹುಡುಗ್ರನ್ನ ಬಿಟ್ಟು ಹೋಗ್ತಾರ, ಇಲ್ಲಂದ್ರ ಕರ್ಕೊಂಡೇ ಹೋಗ್ತಾರ. ಯುಗಾದಿಗೆ ವಾಪಸ್ ಬರ್ತಾರ, ಅಷ್ಟೊತ್ತಿಗೆ ವರ್ಷದ ಪಾಠ ಮುಗದಿರ್ತದ. ನಮ್ಮ ರಾಜ್ಯದಾಗ ಏಳು ದಿನ ಸತತ ಬರಲಿಲ್ಲಂದ್ರ ಶಾಲೆ ಹೊರಗುಳಿದ ಮಗು ಅಂತ ಲೆಕ್ಕ. ಹಂಗ ನಿಜವಾಗ್ಲೂ ಬರದ್ರ ಮ್ಯಾಲಿನವ್ರು ಬೈತಾರಂತ ರಿಜಿಸ್ಟರ್‌ನ್ಯಾಗ ಹಾಜರಿ ಬೀಳ್ತಾವ.

ನಮ್ ಶಾಲಿ ಮೇಡಂ ಒಬ್ರು ಬ್ಯಾರೆ ತರ ಮಾಡಿದ್ರು. ಅಕ್ಟೋಬರ್ ಒಳಗನ ಯಾರ್ಯಾರ ಮನಿಯವ್ರು ಹೋಗೋರದಾರ ಅಂತ ಮನಿ ಮನಿ ತಿರುಗಿ ಪಟ್ಟಿ ಮಾಡಿದ್ರು. "ಈ ವರ್ಷ ಈ ಪಟ್ಟಿಯೊಳಗಿನ ಇಷ್ಟು ಹುಡುಗ್ರು ಊರಾಗ ಉಳೀಬೇಕು" ಅನ್ನೋದು ಅವರ ಗುರಿ. ಗುಳೆ ಹೋದೋರ ಮಕ್ಕಳು ಉಳ್ಯಾಕ ಸೀಸನಲ್ ಹಾಸ್ಟೆಲ್ ಅಂತ ಐತಲ್ರಿ, ಅದಕ್ಕ ಮೊದಲ ಬರದು ಕೇಳಿದ್ರು. ಎಲ್ಲಾರೂ ಉಳೀಲಿಲ್ಲ. ಆದ್ರ ಉಳದೋರು ಈಗ ಹೈಸ್ಕೂಲಿನ್ಯಾಗ ಅದಾರ.

ಹೇಮಾವತಿ_ದಡ
ಮಸ್ಕಿ ಅಣ್ಣಾ, ಇದು ನನ್ನ ತಲೆಗೇ ಹೊಳೆದಿರ್ಲಿಲ್ಲ. ನಮ್ಮಲ್ಲಿ ಗುಳೆ ಇಲ್ಲ, ಆದ್ರೆ ಕಾಫಿ ಕೊಯ್ಲಿನ ಟೈಮಲ್ಲಿ ಲೈನ್ ಮನೆ (ತೋಟದ ಕೂಲಿಯವ್ರ ಮನೆ) ಮಕ್ಕಳು ತಂಗಿ ತಮ್ಮನ್ನ ನೋಡ್ಕೊಳ್ಳೋಕೆ ಅಂತ ಉಳ್ಕೊಳ್ತಾರೆ. ಅವ್ರ ಪಟ್ಟಿ ಮಾಡ್ಬೋದು.

ಲೆಕ್ಕದ_ಟೀಚರ್
ಓದಿನ ಬಗ್ಗೆ ಮೇಷ್ಟ್ರು ಚೆನ್ನಾಗಿ ಹೇಳಿದ್ರು, ಗಣಿತನ ಯಾರೂ ಮುಟ್ಲಿಲ್ಲ ಅಂತ ಬರೀತಿದೀನಿ. ನಿಮ್ಮ ಶಾಲೆ ಐದನೇ ಕ್ಲಾಸಿಗೆ ಹೋಗಿ ಬೋರ್ಡ್ ಮೇಲೆ 52 - 27 ಬರ್ದು ಮಾಡೋಕೆ ಹೇಳಿ. ಎಷ್ಟೋ ಮಕ್ಕಳು 35 ಅಂತ ಬರೀತಾರೆ. ಯಾಕೆ? 7ರಲ್ಲಿ 2 ಹೋದ್ರೆ 5, 5ರಲ್ಲಿ 2 ಹೋದ್ರೆ 3. ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಅಂತ ಮೊದಲ ಕ್ಲಾಸಲ್ಲಿ ಕಲಿಸಿದ್ದನ್ನ ಮಗು ನಿಷ್ಠೆಯಿಂದ ಪಾಲಿಸ್ತಾ ಇದೆ. ಮಗು ದಡ್ಡ ಅಲ್ಲ, ಹತ್ತರ ಕಟ್ಟು ಬಿಚ್ಚಿದ್ರೆ ಹತ್ತು ಬಿಡಿ ಕಡ್ಡಿ ಆಗುತ್ತೆ ಅನ್ನೋದನ್ನ ಅದು ಕೈಯಲ್ಲಿ ಮುಟ್ಟಿ ನೋಡಿಲ್ಲ.

ಗಣಿತ ಕಿಟ್ ಬಹಳ ಶಾಲೆಗಳಿಗೆ ಬಂದಿದೆ, ಗಣಿತ ಕಲಿಕಾ ಆಂದೋಲನದಲ್ಲಿ ಟ್ರೈನಿಂಗೂ ಆಗಿದೆ. ನಿಮ್ಮ ಶಾಲೆಲಿ ಕಿಟ್ ಇದ್ರೆ ಎಲ್ಲಿದೆ ಕೇಳಿ. ಬೀರುವಲ್ಲಿದ್ರೆ ಅದನ್ನ ಹೊರಗೆ ತರೋದೇ ಮೊದಲ ಗುರಿ. ಆಮೇಲೆ ಬರೀರಿ: ಡಿಸೆಂಬರ್ ಒಳಗೆ 4ನೇ ಕ್ಲಾಸಿನ ಎಲ್ಲಾ ಮಕ್ಕಳು ದಶಕ ತಗೊಂಡು ಕಳೆಯೋ ಲೆಕ್ಕ ಮಾಡ್ಬೇಕು, ಮತ್ತೆ ಯಾಕೆ ಹಾಗೆ ಅಂತ ಕಡ್ಡಿ ಇಟ್ಟು ತೋರಿಸ್ಬೇಕು. ತೋರಿಸೋದು ಮುಖ್ಯ. ಲೆಕ್ಕ ಬಾಯಿಪಾಠ ಮಾಡಿಸ್ಬೋದು, ತೋರಿಸೋದು ಬಾಯಿಪಾಠದಿಂದ ಆಗಲ್ಲ.

ಏಕೋಪಾಧ್ಯಾಯ
ಎಲ್ಲರೂ ಗುರಿ ಗುರಿ ಅಂತಿದೀರಿ. ಗುರಿ ಮುಟ್ಟಬೇಕಾದವ್ರು ಯಾರು ಅಂತ ಯಾರಾದ್ರೂ ಕೇಳಿದ್ರಾ? ನಾನು ನಲಿಕಲಿ (ಆಟ, ಚಟುವಟಿಕೆಲಿ ಕಲಿಸೋ ಪದ್ಧತಿ) 1, 2, 3 ಮೂರೂ ಕ್ಲಾಸು ಒಂದೇ ಕೋಣೆಲಿ ನಡೆಸ್ತೀನಿ, ಜೊತೆಗೆ ಪ್ರಭಾರ ಎಚ್‌ಎಂ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಬಿಲ್ಲು, ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ) ಎಂಟ್ರಿ, ಬಿಎಲ್‌ಒ (ಮತದಾರರ ಪಟ್ಟಿ) ಡ್ಯೂಟಿ, ತರಬೇತಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೀಟಿಂಗು. ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲ್ಸ ಕೊಡಬಾರ್ದು ಅನ್ನುತ್ತೆ. 1ರಿಂದ 5ನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು ಅಂತಲೂ ಕಾಯ್ದೆನೇ ಹೇಳುತ್ತೆ. ಆ 800 ಗಂಟೆ ನಿಜವಾಗ್ಲೂ ಪಾಠಕ್ಕೆ ಸಿಕ್ಕಿದ್ರೆ ಒತ್ತಕ್ಷರ ತಾನಾಗೇ ಬರುತ್ತೆ ಸ್ವಾಮಿ. ನೀವು ಇನ್ನೊಂದು ಗುರಿ, ಇನ್ನೊಂದು ರಿಜಿಸ್ಟರ್ ಕೊಟ್ರೆ ಅದನ್ನ ತುಂಬೋದ್ರಲ್ಲೇ ಇನ್ನೊಂದು ಗಂಟೆ ಹೋಗುತ್ತೆ.

ಚಾಕ್‌ಪೀಸ್_ಮೇಷ್ಟ್ರು
@ಏಕೋಪಾಧ್ಯಾಯ ಸರ್, ನಿಮ್ಮ ನೋವು ಪೂರ್ತಿ ಒಪ್ತೀನಿ. ಅದಕ್ಕೇ ಗುರಿ ಎರಡೋ ಮೂರೋ ಮಾತ್ರ ಇರ್ಲಿ ಅನ್ನೋದು. ಮತ್ತೆ ಪ್ರತಿ ಗುರಿ ಪಕ್ಕ "ಇದಕ್ಕೆ ಎಸ್‌ಡಿಎಂಸಿ ಏನು ಮಾಡುತ್ತೆ" ಅಂತ ಒಂದು ಸಾಲು ಕಡ್ಡಾಯ ಇರ್ಬೇಕು. ಬಿಸಿಯೂಟದ ಸಾಮಾನು ತರೋದು, ಗ್ಯಾಸ್ ಸಿಲಿಂಡರ್ ವ್ಯವಸ್ಥೆ, ಪಂಚಾಯ್ತಿ ಅಲೆದಾಟ ಇದನ್ನೆಲ್ಲ ಪೋಷಕರು ಹೊತ್ಕೊಂಡ್ರೆ ಟೀಚರ್‌ಗೆ ದಿನಕ್ಕೆ ಅರ್ಧ ಗಂಟೆ ಸಿಗುತ್ತೆ.

ಏಕೋಪಾಧ್ಯಾಯ
ಆ ಒಂದು ಸಾಲು ಬರೆದ್ರೆ ನಾನೂ ಸೈನ್ ಹಾಕ್ತೀನಿ.

ಕುಡ್ಲದ_ಕನ್ನಡಿಗ
ಎಲ್ಲ ಸರಿ, ಆದರೆ ಮಕ್ಕಳೇ ಇಲ್ಲದಿದ್ದರೆ ಯಾರಿಗೆ ಗುರಿ ಮಾರಾಯ್ರೆ? ನಮ್ಮ ಊರಿನ ಶಾಲೆಯಲ್ಲಿ ಹಳೆ ವಿದ್ಯಾರ್ಥಿ ಸಂಘ ಉಂಟು, ಕಟ್ಟಡ ಚಂದ ಉಂಟು, ರಂಗಮಂದಿರ ಉಂಟು, ಮಕ್ಕಳು ಇಪ್ಪತ್ತೂ ಇಲ್ಲ. ಬೆಳಗ್ಗೆ ಮನೆ ಎದುರಿಗೇ ಹಳದಿ ವ್ಯಾನ್ ಬರ್ತದೆ, ಎಲ್ಲರೂ ಅದರಲ್ಲಿ. ನಾವು ಎಲ್‌ಕೆಜಿ, ಯುಕೆಜಿ ಶುರು ಮಾಡಿದ ಮೇಲೆ ಸ್ವಲ್ಪ ಜನ ತಿರುಗಿ ನೋಡಿದರು. ದಾಖಲಾತಿಯೇ ಮೊದಲ ಗುರಿ ಆಗಬೇಕು ಅಂತ ನನ್ನ ಅಭಿಪ್ರಾಯ.

ಮಲೆನಾಡ_ತಾಯಿ
ದಾಖಲಾತಿ ಗುರಿ ಇಟ್ಕೊಂಡ್ರೆ ಏಪ್ರಿಲಲ್ಲಿ ಬ್ಯಾನರ್ ಕಟ್ಟಿ ಜಾಥಾ ಮಾಡಿ ಮುಗಿಸ್ತಾರೆ ಅಣ್ಣ. ಪಕ್ಕದ ಮನೆ ಹುಡುಗ ಮೂರನೇ ಕ್ಲಾಸಲ್ಲೇ ಪೇಪರ್ ಓದ್ತಾನೆ ಅಂತ ಊರಲ್ಲಿ ಸುದ್ದಿ ಆದ್ರೆ ಜನ ತಾವೇ ಬರ್ತಾರೆ. ನಮ್ಮೂರಲ್ಲಿ ಹಾಗೇ ಆಗಿದ್ದು.

ಕುಡ್ಲದ_ಕನ್ನಡಿಗ
ಅಕ್ಕಾ, ಓದು ಬರುವ ತನಕ ಶಾಲೆ ಉಳೀಬೇಕಲ್ಲ. ಎರಡೂ ಒಟ್ಟಿಗೇ ಆಗಬೇಕು. ಇದರಲ್ಲಿ ನಾನು ರಾಜಿ ಇಲ್ಲ.

ಡಯಟ್_ಹಾದಿ
ಓದಿನ ಗುರಿ ಬಗ್ಗೆ ಒಂದು ಎಚ್ಚರಿಕೆ. ನಿಪುಣ್ ಭಾರತ್ ಅಂತ ಕೇಂದ್ರದ ಓದು, ಲೆಕ್ಕದ ಯೋಜನೆ 2021ರಲ್ಲಿ ಬಂತಲ್ಲ, ಅದ್ರಲ್ಲಿ ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡ್ಕೊಂಡು ಓದ್ಬೇಕು ಅಂತ ಇದೆ. 2026-27ರೊಳಗೆ ಎಲ್ಲಾ ಮಕ್ಕಳೂ ಆ ಮಟ್ಟಕ್ಕೆ ಬರಬೇಕು ಅಂತ ಗಡುವು. ಈ 60ನ ನೇರ ಎತ್ತಿ ನಿಮ್ಮ ಯೋಜನೆಲಿ ಹಾಕ್ಬೇಡಿ. ಹಿಂದಿಲಿ "ಘರ್ ಮೇ" ಎರಡು ಪದ, ನಮ್ಮ "ಮನೆಯಲ್ಲಿ" ಒಂದೇ ಪದ. ಹಾಗಾಗಿ ಕನ್ನಡದ ಮಗು ಚೆನ್ನಾಗಿ ಓದ್ತಿದ್ರೂ ಪದದ ಎಣಿಕೆಲಿ ಹಿಂದೆ ಕಾಣುತ್ತೆ. 2022ರ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನದಲ್ಲಿ ಇದೇ ಕಾರಣಕ್ಕೆ ಭಾಷೆಗೊಂದು ಬೇರೆ ಮಟ್ಟ ಇಟ್ರು. ಸ್ಟಾಪ್‌ವಾಚ್ ಹಿಡಿಯೋ ಬದಲು ಓದಿದ ಮೇಲೆ ಎರಡು ಪ್ರಶ್ನೆ ಕೇಳಿ, ಮಗು ತನ್ನ ಮಾತಲ್ಲಿ ಕಥೆ ಹೇಳ್ಲಿ. ಅದೇ ಅಳತೆ ಸಾಕು.

ಬಯಲುಸೀಮೆ_ಹುಡ್ಗಿ
ನಾನು ಡಿ.ಎಡ್ ಮಾಡಿ ಅತಿಥಿ ಶಿಕ್ಷಕಿ ಆಗಿದೀನಿ. ಮಕ್ಕಳ ಹೆಸ್ರು ಬರೀರಿ ಅಂದ್ರಲ್ಲ ಮೇಷ್ಟ್ರು, ನನಗೆ ಅದೊಂದು ಒಪ್ಪಿಗೆ ಇಲ್ಲ. ಯೋಜನೆ ಫೈಲ್ ಎಲ್ರೂ ನೋಡ್ತಾರೆ, ಮೀಟಿಂಗಲ್ಲಿ ಓದ್ತಾರೆ. "ಇಂಥವ್ರ ಮಗಂಗೆ ಅಕ್ಷರ ಬರಲ್ಲ" ಅಂತ ಊರೆಲ್ಲ ಆಗುತ್ತೆ. ಹಳ್ಳಿಲಿ ಜಾತಿ, ಕೇರಿ ಎಲ್ಲ ಸೇರ್ಕೊಂಡು ಅದು ಬೇರೆನೇ ಮಾತಾಗುತ್ತೆ. ಆ ಮಗು ನಾಳೆಯಿಂದ ಶಾಲೆಗೇ ಬರಲ್ಲ.

ಚಾಕ್‌ಪೀಸ್_ಮೇಷ್ಟ್ರು
ಮೇಡಂ, ಗೋಡೆಗೆ ಅಂಟಿಸಿ ಅಂತ ನಾನು ಹೇಳ್ಲಿಲ್ಲ. ಆದ್ರೆ ಹೆಸ್ರು ಇಲ್ದಿದ್ರೆ ಯಾರನ್ನ ಕಲಿಸ್ತೀರಿ?

ಬಯಲುಸೀಮೆ_ಹುಡ್ಗಿ
ಹೆಸರಿನ ಪಟ್ಟಿ ಕ್ಲಾಸ್ ಟೀಚರ್ ಹತ್ರ ಇರ್ಲಿ ಸರ್, ಪೋಷಕರಿಗೆ ಅವ್ರವ್ರ ಮಗುದು ಮಾತ್ರ ತೋರಿಸೋಣ. ಯೋಜನೆಲಿ "4ನೇ ತರಗತಿಯ 6 ಮಕ್ಕಳು" ಅಂತ ಬರೀಲಿ. "ಸಮುದಾಯದತ್ತ ಶಾಲೆ" ದಿನ ಅಪ್ಪ ಅಮ್ಮ ಬರ್ತಾರಲ್ಲ, ಅವತ್ತು ಮಗುನೇ ಓದಿ ತೋರಿಸ್ಲಿ. ಬೇರೆ ಮಕ್ಕಳ ಮುಂದೆ ಅಲ್ಲ, ಪಕ್ಕಕ್ಕೆ ಕೂತು. ನಮ್ಮ ಶಾಲೆಲಿ ಒಬ್ರು ಅಮ್ಮ, ಅವ್ರಿಗೆ ಓದೋಕೆ ಬರಲ್ಲ, ಮಗ ಕಥೆ ಓದಿದ್ ಮೇಲೆ "ನರಿ ಯಾಕೆ ಓಡಿಹೋಯ್ತು ಹೇಳು" ಅಂತ ಅವ್ರೇ ಪ್ರಶ್ನೆ ಕೇಳಿದ್ರು. ಅದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾ?

ಚಾಕ್‌ಪೀಸ್_ಮೇಷ್ಟ್ರು
ಇದು ನನ್ನ ಸಲಹೆಗಿಂತ ಒಳ್ಳೇದಿದೆ. ಅಧ್ಯಕ್ಷರೇ, ಇದನ್ನೇ ಹಿಡೀರಿ.

ಕೋಲಾರದ_ಕೂಸು
ಮೊಟ್ಟೆ ವಿಷ್ಯ ಬಂತಲ್ಲ, ಈಗ ವಾರಕ್ಕೆ ಆರು ದಿನ ಕೊಡ್ತಿದಾರೆ. ನಮ್ಮ ತಂಗಿ ಮಗ ಮೊಟ್ಟೆಗೋಸ್ಕರನೇ ಶನಿವಾರನೂ ಹೋಗ್ತಾನೆ.

ಏಕೋಪಾಧ್ಯಾಯ
2024ರ ಸೆಪ್ಟೆಂಬರಿಂದ ಆರು ದಿನ ಆಗಿದ್ದು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಒಪ್ಪಂದ ಮಾಡ್ಕೊಂಡು ಸರ್ಕಾರ ಎರಡು ದಿನದಿಂದ ಆರಕ್ಕೆ ಏರಿಸ್ತು. 2013ರಲ್ಲಿ ಕ್ಷೀರಭಾಗ್ಯ ಬಂದಾಗಲೂ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬರೋ ಮಕ್ಕಳಿಗೆ ದೊಡ್ಡ ಅನುಕೂಲ ಆಯ್ತು. ನಾನು ಬಿಲ್ಲಿನ ಬಗ್ಗೆ ಗೊಣಗಿದೆ, ಮೊಟ್ಟೆ ಬಗ್ಗೆ ಅಲ್ಲ. ಮೊಟ್ಟೆ ಬೇಕೇ ಬೇಕು.

ಕಾಯ್ದೆ_ಓದುಗ
ಮಾತು ಎಲ್ಲೋ ಹೋಗ್ತಿದೆ, ವಾಪಸ್ ಬರೋಣ. ಅಧ್ಯಕ್ಷರೇ, ಶಿಕ್ಷಕರ ಸಂಖ್ಯೆನೂ ನೋಡಿ. ಕಾಯ್ದೆ ಅನುಸೂಚಿ ಪ್ರಕಾರ 1ರಿಂದ 5ಕ್ಕೆ 60 ಮಕ್ಕಳವರೆಗೆ ಇಬ್ರು, 61ರಿಂದ 90ಕ್ಕೆ ಮೂವರು. 6ನೇ ಕ್ಲಾಸಿಂದ ಮೇಲೆ ಕ್ಲಾಸಿಗೊಬ್ಬರಾದ್ರೂ ಇರ್ಬೇಕು, ಗಣಿತ-ವಿಜ್ಞಾನ, ಸಮಾಜ, ಭಾಷೆ ವಿಷಯವಾರು. ನಿಮ್ಮಲ್ಲಿ ಕೊರತೆ ಇದ್ರೆ ಅದನ್ನ ಯೋಜನೆಲಿ ಬರ್ದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಹೇಮಾವತಿ_ದಡ
ಎಲ್ರಿಗೂ ಕೈ ಮುಗಿದೆ. ಕರಡು ಹೀಗೆ ಮಾಡ್ಕೊಂಡಿದೀನಿ, ತಪ್ಪಿದ್ರೆ ತಿದ್ದಿ. ಒಂದು, ಸೇತುಬಂಧ ಮುಗಿಯೋದ್ರೊಳಗೆ 3ರಿಂದ 7ರ ಪ್ರತಿ ಮಗು ಓದಿಸಿ ನೋಡೋದು, ದಸರಾಗೆ ಮುಂಚೆ ಮತ್ತೆ ಸಂಕ್ರಾಂತಿ ಆದ್ಮೇಲೆ ಇನ್ನೊಂದ್ಸಲ ನೋಡೋದು. ಒತ್ತಕ್ಷರದ ಹತ್ರ ನಿಂತಿರೋ 4, 5ನೇ ಕ್ಲಾಸಿನವ್ರಿಗೆ ದಿನಾ ಒಂದು ಅವಧಿ ಮೀಸಲಿಡೋದು. ಎರಡು, ಕಳೆಯೋ ಲೆಕ್ಕ, ಕಡ್ಡಿ ಸಮೇತ. ಮೂರು, ಹುಡುಗೀರ ಟಾಯ್ಲೆಟ್‌ಗೆ ನೀರು ಮತ್ತು ಚಿಲಕ, ಇದು ಜೂನ್ ತಿಂಗಳಲ್ಲೇ. ಕಾಫಿ ಕೊಯ್ಲಿಗೆ ಉಳಿಯೋ ಮಕ್ಕಳ ಪಟ್ಟಿ ನವೆಂಬರ್ ಬರೋಕೆ ಮುಂಚೆ. ಎಸ್‌ಡಿಎಂಸಿ ಕಡೆಯಿಂದ ಬಿಸಿಯೂಟದ ಸಾಮಾನು ಮತ್ತೆ ಪಂಚಾಯ್ತಿ ಕೆಲ್ಸ ನಾವು ನೋಡ್ಕೊಳ್ತೀವಿ ಅಂತ ಬರೀತೀನಿ. ಕಾಂಪೌಂಡು ಮತ್ತು ಟಿವಿ ಕೇಳಿದವ್ರಿಗೆ ಏನು ಹೇಳ್ಲಿ ಅನ್ನೋದೊಂದೇ ಉಳಿದಿದ್ದು, ಅವ್ರು ಬೇಜಾರ್ ಆಗ್ತಾರೆ.

ಲೆಕ್ಕದ_ಟೀಚರ್
ಕರಡು ಚೆನ್ನಾಗಿದೆ. 6, 7ನೇ ಕ್ಲಾಸಲ್ಲಿ ಓದು ಬರದೇ ಇರೋರು ಸಿಕ್ಕೇ ಸಿಗ್ತಾರೆ, ಅವ್ರನ್ನ ಬಿಡಬೇಡಿ, ಏಳನೇ ಕ್ಲಾಸಿನವ್ರಂತೂ ಮುಂದಿನ ವರ್ಷ ನಿಮ್ಮ ಶಾಲೆಲಿ ಇರಲ್ಲ. ಅವ್ರಿಗೇ ಮೊದ್ಲು.

ಮಸ್ಕಿ_ಮಗ
ಟಿವಿ ಕೇಳಿದೋರಿಗೆ, ಊರಾಗ ಹಳೇ ವಿದ್ಯಾರ್ಥಿಗಳು ಬೆಂಗಳೂರಾಗ ಇರ್ತಾರಲ್ರಿ, ಅವ್ರನ್ನ ಹಿಡದು ಕೊಡಸೋ ಜವಾಬ್ದಾರಿ ಅವ್ರಿಗೇ ಕೊಡ್ರಿ. ಕೇಳ್ದೋರೇ ಓಡಾಡಿದ್ರ ಬೇಜಾರ ಆಗಂಗಿಲ್ಲ.

ಮಲೆನಾಡ_ತಾಯಿ
ಮೀಟಿಂಗ್ ಟೈಮ್ ಬದಲಾಯ್ಸಿ ಸರ್. ಬೆಳಿಗ್ಗೆ ಹನ್ನೊಂದಕ್ಕೆ ಇಟ್ರೆ ಕೂಲಿಗೆ ಹೋಗೋ ಅಮ್ಮಂದಿರು ಯಾರೂ ಬರಲ್ಲ, ಆಮೇಲೆ ಮನೆಗೇ ರಿಜಿಸ್ಟರ್ ಕಳ್ಸಿ ಸೈನ್ ಹಾಕಿಸ್ಕೊಳ್ತಾರೆ. ಸಂಜೆ ಇಡಿ.

ಕಾಯ್ದೆ_ಓದುಗ
ಕಾಂಪೌಂಡ್‌ಗೆ ಪಂಚಾಯ್ತಿಯ ಮಕ್ಕಳ ಗ್ರಾಮಸಭೆ ಬಳಸ್ಕೊಳ್ಳಿ. ವರ್ಷಕ್ಕೊಮ್ಮೆ ನಡೆಸ್ತಾರೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ. ನಿಮ್ಮ 6, 7ನೇ ಕ್ಲಾಸ್ ಮಕ್ಕಳೇ ಎದ್ದು ನಿಂತು ಕೇಳ್ಲಿ, ನಡಾವಳಿಲಿ ದಾಖಲಾಗುತ್ತೆ. ದಾಖಲಾದ್ರೆ ಮುಂದಿನ ಕ್ರಿಯಾ ಯೋಜನೆಗೆ ಸೇರ್ಸಿ ಅಂತ ನೀವು ಬೆನ್ನು ಹತ್ಬೋದು.

ಹೇಮಾವತಿ_ದಡ
ಸರಿ ಸರ್. ಮೀಟಿಂಗ್ ಶುಕ್ರವಾರ ಸಂಜೆ ಐದೂವರೆಗೆ ಇಡ್ತಿದೀನಿ. ಹೆಡ್‌ಮಾಸ್ಟ್ರಿಗೆ ಫೋನ್ ಮಾಡಿ ಹೇಳ್ದೆ, ಗಣಿತ ಕಿಟ್ ಹುಡುಕ್ಸಿ ಇಡ್ತೀನಿ ಅಂದ್ರು.